ಆಕಾಶದಿಂದ ತಂತಿಗೆ: ಶಿವಮೊಗ್ಗ ಸೀಮೆಯಲ್ಲಿ ಪ್ರಸಾರಮಾರ್ಗದ ಪರಿವರ್ತನೆ

1

ಒಂದು ಸೀಮೆಯ ಚರಿತ್ರೆಯನ್ನು ಬರೆಯತಕ್ಕವರು ಅರಸರ ವಂಶಾವಳಿಗೂ ದಾನಶಾಸನಗಳಿಗೂ ಕೊಡುವಷ್ಟು ಗಮನವನ್ನು, ಆ ಸೀಮೆಯ ಜನರಿಗೆ ದೂರದ ಮಾತು ಯಾವ ದಾರಿಯಿಂದ ಬಂದು ಮುಟ್ಟುತ್ತಿತ್ತು ಎಂಬ ವಿಷಯಕ್ಕೆ ಕೊಡುವುದು ವಿರಳ. ಕಳೆದ ತೊಂಬತ್ತು ವರ್ಷಗಳಲ್ಲಿ ಕನ್ನಡನಾಡಿನಲ್ಲಿ ಈ ದಾರಿಯು ಹಲವು ಸಲ ಬದಲಾಗಿದೆ. ಮೊದಲು ರೇಡಿಯೋ, ಬಳಿಕ ಗೋಪುರದ ದೂರದರ್ಶನ, ಬಳಿಕ ಕೇಬಲ್ಲು, ಬಳಿಕ ಮಾಳಿಗೆಯ ಮೇಲಣ ಡಿಶ್, ಈಗ ಅಂತರ್ಜಾಲದ ಮೂಲಕ ಹರಿದುಬರುವ ನೇರಪ್ರಸಾರ, ಹೀಗೆ ಒಂದರ ಹಿಂದೊಂದು ಬಂದಿವೆ. ಶಿವಮೊಗ್ಗ ಭದ್ರಾವತಿ ನಗರಗಳ ಮಾಳಿಗೆಗಳಲ್ಲಿ ಡಿಶ್ಶುಗಳು ಇನ್ನೂ ನಿಂತಿವೆ. ಆದರೆ ಅನೇಕ ಮನೆಗಳಲ್ಲಿ ಅವುಗಳ ತಂತಿಯನ್ನು ಕಳಚಿ, ಬೀದಿಯ ಕಂಬದಿಂದ ಬಂದ ಫೈಬರನ್ನಾಗಲಿ ಕೈಯಲ್ಲಿರುವ ಮೊಬೈಲನ್ನಾಗಲಿ ನೆಚ್ಚಿಕೊಂಡಿದ್ದಾರೆ.

ಈ ಪರಿವರ್ತನೆಯನ್ನು ಸಾಮಾನ್ಯವಾಗಿ ಸೌಕರ್ಯದ ವಿಷಯವೆಂದು ಮಾತ್ರವೇ ಎಣಿಸುವುದುಂಟು. ಪರಿಶೀಲಿಸಿ ನೋಡಿದರೆ ಇದರಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ದಾರಿಯು ಯಾರದು? ಅದಕ್ಕೆ ಬೆಲೆ ಕೊಡತಕ್ಕವರು ಯಾರು? ಅದರಲ್ಲಿ ಬಂದುದು ಮುಂದಿನವರಿಗೆ ಉಳಿಯುವುದೆ? ಇವನ್ನು ಶಿವಮೊಗ್ಗ ಸೀಮೆಯ ನಿದರ್ಶನದಿಂದ ವಿಚಾರ ಮಾಡುವುದು ಈ ಲೇಖನದ ಉದ್ದೇಶ. ಈ ಸೀಮೆಯನ್ನು ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಇದರ ಪೂರ್ವಭಾಗ ಬಯಲನ್ನು ಹೋಲುವ ನೆಲ; ಪಶ್ಚಿಮಭಾಗ ಸಹ್ಯಾದ್ರಿಯ ದಟ್ಟವಾದ ಮಲೆ. ಒಂದೇ ಜಿಲ್ಲೆಯೊಳಗೆ ಈ ಎರಡೂ ಇರುವುದರಿಂದ, ಪ್ರತಿಯೊಂದು ಪ್ರಸಾರಮಾರ್ಗದ ಶಕ್ತಿಯೂ ದೌರ್ಬಲ್ಯವೂ ಇಲ್ಲಿ ಸ್ಫುಟವಾಗಿ ತೋರುತ್ತವೆ.

2

ಕನ್ನಡನಾಡಿನ ಪ್ರಸಾರಚರಿತ್ರೆ ಮೈಸೂರಿನಲ್ಲಿ ಮೊದಲಾಗುತ್ತದೆ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು 1950ರ ದಶಕದಲ್ಲಿ ಇಡೀ ಭಾರತದ ಸರ್ಕಾರಿ ಬಾನುಲಿಗೆ ಸಂದಿತು; 2023ರಿಂದ ಪ್ರಸಾರಭಾರತಿಯು ಇಂಗ್ಲಿಷಿನಲ್ಲಿಯೂ ಹಳೆಯ ಹೆಸರನ್ನು ಬಿಟ್ಟು ಇದೊಂದನ್ನೇ ಬಳಸುತ್ತಿದೆ. ಒಬ್ಬ ಅಧ್ಯಾಪಕರ ಮನೆಯಲ್ಲಿ ನೆಲೆಗೊಂಡ ಹೆಸರು ದೇಶಕ್ಕೆಲ್ಲ ಹರಡಿದುದು ಕನ್ನಡಿಗರು ಮರೆಯಬಾರದ ಸಂಗತಿ.

ಶಿವಮೊಗ್ಗ ಸೀಮೆಗೆ ತನ್ನದೇ ಆದ ಕೇಂದ್ರ ದೊರೆತುದು 1965ರಲ್ಲಿ. ಆಗ ಭದ್ರಾವತಿಯು ಕಬ್ಬಿಣದ ಕಾರ್ಖಾನೆಯ ಊರೆಂದು ಹೆಸರಾಗಿತ್ತು. 1923ರಲ್ಲಿ ಕೆಲಸ ಆರಂಭಿಸಿದ ಆ ಕಾರ್ಖಾನೆಯ ಬಳಿಕ ಕಾಗದದ ಕಾರ್ಖಾನೆಯೂ ಸೇರಿ, ಬೆಂಕಿಪುರವೆಂಬ ಹಳೆಯ ಊರು ಕೈಗಾರಿಕೆಯ ಪಟ್ಟಣವಾಗಿ ಬೆಳೆದಿತ್ತು. ಅಲ್ಲಿ ನೆಲೆಗೊಂಡ ಆಕಾಶವಾಣಿ ಕೇಂದ್ರವು ಮಧ್ಯಮ ತರಂಗದ 675 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಪ್ರಸಾರ ಮಾಡತೊಡಗಿತು. ಈ ಅಂಕಿಯ ಅರ್ಥವನ್ನು ತುಸು ಬಿಡಿಸಿ ನೋಡಬೇಕು. 675 ಕಿಲೋಹರ್ಟ್ಸಿನ ಅಲೆಯೊಂದರ ಉದ್ದ ಸುಮಾರು 444 ಮೀಟರು. ಇಷ್ಟು ಉದ್ದವಾದ ಅಲೆಯು ನೆಲವನ್ನು ಹಿಡಿದು ಸಾಗಬಲ್ಲುದು. ಸಣ್ಣ ಗುಡ್ಡವು ಅದಕ್ಕೆ ಗೋಡೆಯಾಗದು. ಆದಕಾರಣ ಭದ್ರಾವತಿಯಿಂದ ಹೊರಟ ಧ್ವನಿಯು ಮಲೆಯ ಸಂದುಗಳಿಗೂ ಇಳಿಯಲು ಸಮರ್ಥವಾಯಿತು. ಕೇಳುವವನಿಗೆ ಬೇಕಾದುದು ಒಂದು ಪೆಟ್ಟಿಗೆ. ಅದಕ್ಕೆ ಅಂಚೆಕಚೇರಿಯಲ್ಲಿ ಕಟ್ಟುವ ವಾರ್ಷಿಕ ಪರವಾನಗಿಯ ಹಣ. ಆ ಪರವಾನಗಿಯೂ 1980ರ ದಶಕದ ಮಧ್ಯದಲ್ಲಿ ರದ್ದಾಯಿತು. ಅಲ್ಲಿಂದ ಮುಂದೆ ಕೇಳುವುದಕ್ಕೆ ಬೆಲೆಯಿರಲಿಲ್ಲ. ಕೇಳುವವನು ಯಾರೆಂಬುದನ್ನು ಬರೆದಿಡುವ ಲೆಕ್ಕದ ಪುಸ್ತಕವೂ ಇರಲಿಲ್ಲ.

3

ಉಪಗ್ರಹದ ದೂರದರ್ಶನವು ಕನ್ನಡಕ್ಕೆ ಬಂದುದು ವಿಚಿತ್ರವಾದ ಕ್ರಮದಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು 1981ರ ನವೆಂಬರ್ 1ರಂದು. ಆದರೆ ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಅಮೆರಿಕದ ಎಟಿಎಸ್–6 ಎಂಬ ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಶಿಕ್ಷಣ ಪ್ರಸಾರದ ಪ್ರಯೋಗವೊಂದು ನಡೆಯಿತು. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆಯ್ಕೆಯಾದುವು. ಹಳ್ಳಿಗೊಂದು ಪೆಟ್ಟಿಗೆ, ಸಂಜೆ ಅದರ ಮುಂದೆ ಊರವರ ಸಭೆ: ಹೀಗೆ ಕನ್ನಡದ ದೃಶ್ಯಪ್ರಸಾರವು ರಾಜಧಾನಿಗಿಂತ ಮೊದಲು ಬಡ ಹಳ್ಳಿಗಳಲ್ಲಿ, ಒಡೆತನವಿಲ್ಲದ ಸಾಮಾನ್ಯ ಪೆಟ್ಟಿಗೆಯಲ್ಲಿ ಕಾಣಿಸಿಕೊಂಡಿತು. ಮಲೆನಾಡು ಆ ಪ್ರಯೋಗದ ಹೊರಗೆ ಉಳಿಯಿತು.

1983ರ ಆಗಸ್ಟಿನಲ್ಲಿ ಇನ್ಸಾಟ್–1ಬಿ ಉಪಗ್ರಹವು ಮೇಲೇರಿದ ಬಳಿಕ ದೆಹಲಿಯ ಕಾರ್ಯಕ್ರಮವನ್ನು ದೇಶದ ಜಿಲ್ಲಾ ಪಟ್ಟಣಗಳ ಪ್ರಸಾರಗೋಪುರಗಳು ಒಟ್ಟಿಗೆ ಹಿಡಿದು ಸುತ್ತಲಿಗೆ ಬೀರತೊಡಗಿದುವು. ಇಲ್ಲಿ ಉಪಗ್ರಹವು ಗೋಪುರಕ್ಕೆ ಕೊಟ್ಟಿತು. ಗೋಪುರವು ಮನೆಗೆ ಕೊಟ್ಟಿತು. ಈ ಎರಡನೆಯ ಹೆಜ್ಜೆಯಲ್ಲಿ ಮಲೆನಾಡಿಗೆ ತೊಡಕಾಯಿತು. ದೂರದರ್ಶನದ ಅಲೆಯು ಬಾನುಲಿಯ ಮಧ್ಯಮ ತರಂಗದಂತೆ ನೆಲವನ್ನು ಹಿಡಿದು ಬಾಗದು. ಗೋಪುರಕ್ಕೂ ಮನೆಗೂ ನಡುವೆ ದೃಷ್ಟಿಯು ನೇರವಾಗಿ ಹಾಯಬೇಕು. ಗುಡ್ಡದ ಮರೆಯ ಮನೆಯವರು ಎಷ್ಟು ಎತ್ತರದ ಕಂಬ ನೆಟ್ಟರೂ ಚಿತ್ರದ ಬದಲು ಪೆಟ್ಟಿಗೆಯಲ್ಲಿ ಹಿಮ ಸುರಿದಂತೆ ಬಿಳಿಯ ಚುಕ್ಕೆಗಳೇ ತೋರುತ್ತಿದ್ದುವು. 1980ರ ದಶಕದ ಉತ್ತರಾರ್ಧದಲ್ಲಿ ಶಂಕರ್ ನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿ ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯು ಈ ಜಿಲ್ಲೆಯ ಆಗುಂಬೆಯಲ್ಲಿಯೇ ಚಿತ್ರಿಸಲ್ಪಟ್ಟಿತು. ದೇಶವೆಲ್ಲ ಆಗುಂಬೆಯ ಬೀದಿಯನ್ನು ನೋಡಿತು. ಅದೇ ಕಾಲದಲ್ಲಿ ಸುತ್ತಲಿನ ಮಲೆಯ ಮರೆಯಲ್ಲಿದ್ದ ಮನೆಗಳಿಗೆ ದೇಶವನ್ನು ನೋಡುವುದೇ ಕಷ್ಟವಾಗಿತ್ತು.

1991ರ ಬಳಿಕ ವಿದೇಶದ ಉಪಗ್ರಹಗಳಿಂದ ಖಾಸಗಿ ವಾಹಿನಿಗಳು ಬರಲಾರಂಭಿಸಿದುವು. ಊರಿನ ಕೇಬಲ್ಲಿನವರು ದೊಡ್ಡ ಡಿಶ್ಶನ್ನು ನಿಲ್ಲಿಸಿ ಅಲ್ಲಿಂದ ಮನೆಮನೆಗೆ ತಂತಿ ಎಳೆದರು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಎಂಬೀ ವಾಹಿನಿಗಳು ಹುಟ್ಟಿ, ಕನ್ನಡವೇ ಪ್ರಧಾನವಾದ ಸಂಜೆಯು ಮನೆಗಳಿಗೆ ದೊರೆಯಿತು. ತಂತಿಯು ಲಾಭಕ್ಕೆ ತಕ್ಕಂತೆ ಸಾಗುವುದಾದ್ದರಿಂದ, ಮನೆಗಳು ಒತ್ತಾಗಿರುವ ಶಿವಮೊಗ್ಗ ಭದ್ರಾವತಿಗಳಲ್ಲಿ ಅದು ಬೇಗ ಹಬ್ಬಿತು. ತೋಟಕ್ಕೊಂದು ಮನೆಯಿರುವ ತೀರ್ಥಹಳ್ಳಿ ಹೊಸನಗರಗಳ ಕಡೆಗೆ ಹಬ್ಬಲಿಲ್ಲ.

4

ಈ ಕೊರತೆಯನ್ನು ನೀಗಿಸಿದುದು ಮನೆಗೇ ನೇರವಾಗಿ ಇಳಿಯುವ ಉಪಗ್ರಹ ಪ್ರಸಾರ. ಜನರ ಬಾಯಲ್ಲಿ ಡಿಶ್ ಅಥವಾ ಡಿಟಿಎಚ್. ಭಾರತದಲ್ಲಿ ಇದು 2003ರಲ್ಲಿ ಖಾಸಗಿಯಾಗಿ ಆರಂಭವಾಯಿತು. 2004ರ ಡಿಸೆಂಬರಿನಲ್ಲಿ ದೂರದರ್ಶನವು ತಿಂಗಳ ಹಣವಿಲ್ಲದ ತನ್ನ ಸೇವೆಯನ್ನು ತೆರೆಯಿತು. ಇದೇ ಈಗ ಫ್ರೀ ಡಿಶ್ ಎನಿಸಿಕೊಂಡಿದೆ. 2006ರಲ್ಲಿ ಟಾಟಾ ಸ್ಕೈ, 2007ರಲ್ಲಿ ಸನ್ ಡೈರೆಕ್ಟ್, 2008ರಲ್ಲಿ ಏರ್‌ಟೆಲ್ ಸೇರಿಕೊಂಡುವು.

ಮಲೆನಾಡಿಗೆ ಡಿಶ್ಶು ಹೊಂದಿಕೊಂಡುದರ ಕಾರಣವು ರೇಖಾಗಣಿತದ್ದು. ಉಪಗ್ರಹವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತಿರುತ್ತದೆ. ಶಿವಮೊಗ್ಗದಲ್ಲಿ ನಿಂತು ನೋಡುವವನಿಗೆ, 93.5 ಡಿಗ್ರಿ ಪೂರ್ವರೇಖಾಂಶದ ಉಪಗ್ರಹವು ಆಗ್ನೇಯ ದಿಕ್ಕಿನಲ್ಲಿ ದಿಗಂತದಿಂದ 60 ಡಿಗ್ರಿಗೂ ಮೇಲೆ ಇರುತ್ತದೆ. ಅಷ್ಟು ಎತ್ತರದಿಂದ ಬರುವ ಕಿರಣಕ್ಕೆ ಎದುರಿನ ಗುಡ್ಡ ಅಡ್ಡಬರುವುದಿಲ್ಲ. ಹತ್ತಿರದ ಅಡಕೆಮರವೊಂದು ಅಡ್ಡವಾದರೆ ಡಿಶ್ಶನ್ನು ನಾಲ್ಕು ಮಾರು ಸರಿಸಿದರೆ ಸಾಕು. ಬೆಂಗಳೂರಿನ ಬಹುಮಹಡಿಯ ಮನೆಗೂ ಕೊಡಚಾದ್ರಿಯ ತಪ್ಪಲಿನ ಒಂಟಿಮನೆಗೂ ಒಂದೇ ಚಿತ್ರ, ಒಂದೇ ಕ್ಷಣದಲ್ಲಿ, ಒಂದೇ ಬೆಲೆಗೆ ಇಳಿಯುವಂತಾದುದು ಇದೇ ಮೊದಲು. ರಸ್ತೆಯೂ ಕಂಬವೂ ಸರಿಯಾಗಿ ಮುಟ್ಟದ ಕಡೆಗೆ ಆಕಾಶವು ಸಮನಾಗಿ ಮುಟ್ಟಿತು.

ಡಿಶ್ಶಿನ ದೌರ್ಬಲ್ಯವೂ ಆಕಾಶದ್ದೇ. ಕೇಬಲ್ಲಿನವರ ದೊಡ್ಡ ಡಿಶ್ಶು ಹಿಡಿಯುತ್ತಿದ್ದ ಅಲೆಯ ಉದ್ದ ಸುಮಾರು 7 ಸೆಂಟಿಮೀಟರು. ಮನೆಯ ಸಣ್ಣ ಡಿಶ್ಶಿನ ಅಲೆ ಸುಮಾರು ಎರಡೂವರೆ ಸೆಂಟಿಮೀಟರು. ಅಲೆಯು ಗಿಡ್ಡವಾದಷ್ಟೂ ಮಳೆಯ ಹನಿಗಳು ಅದನ್ನು ಹೆಚ್ಚಾಗಿ ಹೀರುತ್ತವೆ, ಚದುರಿಸುತ್ತವೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯಂತಹ ಸೀಮೆಯಲ್ಲಿ ಇದರ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ಜೋರುಮಳೆ ಹಿಡಿದೊಡನೆ ಚಿತ್ರವು ಚೂರುಚೂರಾಗಿ, ಸಂಕೇತವಿಲ್ಲವೆಂಬ ಒಂದು ಬರೆಹವು ಪರದೆಯ ಮೇಲೆ ನಿಲ್ಲುತ್ತಿತ್ತು. ಹೊರಗೆ ಹೋಗಲಾಗದೆ ಮನೆಯೊಳಗೆ ಕುಳಿತವರಿಗೆ ಪೆಟ್ಟಿಗೆಯು ಬೇಕಾದ ಹೊತ್ತಿನಲ್ಲಿಯೇ ಅದು ಮೂಕವಾಗುತ್ತಿತ್ತು.

5

ಅಂತರ್ಜಾಲದ ಕಡೆಗೆ ಜನರು ಹೊರಳಿದುದಕ್ಕೆ ಮಳೆಯೊಂದೇ ಕಾರಣವಲ್ಲ. ಕಾಲಾನುಕ್ರಮವನ್ನು ನೋಡಿದರೆ ನಾಲ್ಕು ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ಕಾಣುತ್ತದೆ.

ಮೊದಲನೆಯದು ಅಗ್ಗದ ಮೊಬೈಲ್ ಅಂತರ್ಜಾಲ. 2015ರ ಫೆಬ್ರವರಿಯಲ್ಲಿ ಹಾಟ್‌ಸ್ಟಾರ್ ಬಂದಿತ್ತಾದರೂ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಸಂಸ್ಥೆಯು ಕೆಲವು ತಿಂಗಳು ಹಣವಿಲ್ಲದೆಯೇ ಸೇವೆಯನ್ನು ಕೊಟ್ಟ ಮೇಲೆ ಚಲಚ್ಚಿತ್ರವನ್ನು ಮೊಬೈಲಿನಲ್ಲಿ ನೋಡುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಎರಡನೆಯದು ಬೆಲೆಯ ಗೊಂದಲ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ಕಟ್ಟಳೆಯಂತೆ, ಮೊದಲ ನೂರು ವಾಹಿನಿಗಳ ಸಂಪರ್ಕಕ್ಕೆ 130 ರೂಪಾಯಿಗಳವರೆಗಿನ ಮೂಲಶುಲ್ಕವನ್ನೂ ತೆರಿಗೆಯನ್ನೂ ಕೊಟ್ಟು, ಅದರ ಮೇಲೆ ಬೇಕಾದ ವಾಹಿನಿಗಳಿಗೆ ಬೇರೆ ಬೇರೆಯಾಗಿ ಹಣ ಕಟ್ಟಬೇಕಾಯಿತು. ಬೇಡದುದಕ್ಕೆ ಹಣ ಕೊಡುವುದನ್ನು ತಪ್ಪಿಸುವುದು ಅದರ ಉದ್ದೇಶ. ಆದರೆ ತಿಂಗಳ ಲೆಕ್ಕ ಏರಿತೆಂದು ಅನೇಕರು ಬೇಸರಪಟ್ಟರು. ಮೂರನೆಯದು 2020ರ ಸಾಂಕ್ರಾಮಿಕದ ಕಾಲ. ಶಾಲೆಯ ಪಾಠವೂ ಕಚೇರಿಯ ಕೆಲಸವೂ ಮನೆಗೆ ಬಂದು, ನಗರದ ಮನೆಗಳಿಗೆ ಫೈಬರ್ ಸಂಪರ್ಕವು ಅವಶ್ಯಕವಾಯಿತು. ಒಮ್ಮೆ ಅದು ಬಂದ ಮೇಲೆ ಡಿಶ್ಶಿನ ರೀಚಾರ್ಜು ಎರಡನೆಯ ಖರ್ಚೆಂದು ತೋರಿತು.

ನಾಲ್ಕನೆಯದು ಕ್ರಿಕೆಟ್ಟು. 2022ರ ಜೂನಿನಲ್ಲಿ ಐಪಿಎಲ್ ಪಂದ್ಯಗಳ ಐದು ವರ್ಷಗಳ ಹಕ್ಕನ್ನು ಹರಾಜು ಹಾಕಿದಾಗ ಭಾರತ ಉಪಖಂಡದ ದೂರದರ್ಶನದ ಹಕ್ಕು 23,575 ಕೋಟಿ ರೂಪಾಯಿಗಳಿಗೂ ಅಂತರ್ಜಾಲದ ಹಕ್ಕು 20,500 ಕೋಟಿ ರೂಪಾಯಿಗಳಿಗೂ ಬೇರೆ ಬೇರೆಯವರಿಗೆ ಹೋಯಿತು. ಎರಡು ಮೊತ್ತಗಳೂ ಹತ್ತಿರಹತ್ತಿರವಾದುದೇ ಯುಗಪಲ್ಲಟದ ಗುರುತು. 2023ರಲ್ಲಿ ಜಿಯೋಸಿನಿಮಾ ಆ ಪಂದ್ಯಗಳನ್ನು ಹಣವಿಲ್ಲದೆ, ಕನ್ನಡದ ವೀಕ್ಷಕ ವಿವರಣೆಯನ್ನೂ ಸೇರಿಸಿ ತೋರಿಸಿತು. 2025ರ ಫೆಬ್ರವರಿಯಲ್ಲಿ ಅದು ಹಾಟ್‌ಸ್ಟಾರಿನೊಡನೆ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಸ್ಪರ್ಧೆಯ ಕಾಲದಲ್ಲಿ ಬಿಟ್ಟಿಯಾಗಿದ್ದುದು ಸ್ಪರ್ಧೆ ಮುಗಿದ ಮೇಲೆ ಚಂದಾಕ್ಕೆ ಒಳಪಟ್ಟಿತು. ಈ ನಡುವೆ ದೇಶದಲ್ಲಿ ಹಣ ಕೊಟ್ಟು ಡಿಶ್ ಇಟ್ಟುಕೊಂಡವರ ಸಂಖ್ಯೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಲೆಕ್ಕದಂತೆ, 2020ರ ಕೊನೆಯಲ್ಲಿದ್ದ ಸುಮಾರು 7 ಕೋಟಿಯಿಂದ 2024ರ ಮಧ್ಯದ ವೇಳೆಗೆ ಸುಮಾರು 6.2 ಕೋಟಿಗೆ ಇಳಿದಿತ್ತು.

ಇಲ್ಲಿ ‘ನೇರಪ್ರಸಾರ’ವೆಂಬ ಪದದ ಅರ್ಥವೇ ಸ್ವಲ್ಪ ಸರಿದುದನ್ನು ಗಮನಿಸಬೇಕು. ಉಪಗ್ರಹಕ್ಕೆ ಹೋಗಿಬರಲು ಅಲೆಗೆ ಹಿಡಿಯುವುದು ಸೆಕೆಂಡಿನ ಕಾಲುಭಾಗದಷ್ಟು ಹೊತ್ತು. ಉಳಿದ ಸಂಸ್ಕಾರಗಳೆಲ್ಲ ಸೇರಿದರೂ ಕೆಲವೇ ಸೆಕೆಂಡು. ಅಂತರ್ಜಾಲದಲ್ಲಾದರೋ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳನ್ನಾಗಿ ಕತ್ತರಿಸಿ, ಪ್ರತಿಯೊಂದು ಮನೆಯೂ ತನ್ನ ತುಂಡುಗಳನ್ನು ಬೇರೆಯಾಗಿ ಕೇಳಿ ತರಿಸಿ, ಒಂದೆರಡನ್ನು ಮುಂಗಡವಾಗಿ ಕೂಡಿಟ್ಟುಕೊಂಡು ತೋರಿಸಬೇಕು. ಇದರಿಂದ ಹಲವು ಸೆಕೆಂಡು, ಕೆಲವು ವೇಳೆ ಅರ್ಧ ನಿಮಿಷವೂ ತಡವಾಗುವುದುಂಟು. ಒಂದೇ ವಠಾರದಲ್ಲಿ ಡಿಶ್ ಇರುವ ಮನೆಯವರು ಸಿಕ್ಸರಿಗೆ ಕೂಗಿದ ಮೇಲೆ, ಪಕ್ಕದ ಮನೆಯ ಮೊಬೈಲಿನಲ್ಲಿ ಬೌಲರನು ಇನ್ನೂ ಓಡಿಬರುತ್ತಿರುತ್ತಾನೆ. ಎಲ್ಲರೂ ಒಂದೇ ಪಂದ್ಯವನ್ನು ನೋಡುತ್ತಿದ್ದರೂ ಒಂದೇ ಕ್ಷಣವನ್ನು ನೋಡುತ್ತಿಲ್ಲ.

6

ಈಗ ಮೊದಲೆತ್ತಿದ ಪ್ರಶ್ನೆಗಳಿಗೆ ಬರಬಹುದು. ದಾರಿಯು ಯಾರದೆಂಬುದಕ್ಕೆ ಪ್ರಸಾರದ ವಿಷಯದಲ್ಲಿ ಖಚಿತವಾದ ಉತ್ತರವುಂಟು. 1995ರ ಫೆಬ್ರವರಿ 9ರಂದು, ಕ್ರಿಕೆಟ್ ಪಂದ್ಯಗಳ ಪ್ರಸಾರದಿಂದ ಹುಟ್ಟಿದ ಒಂದು ವ್ಯಾಜ್ಯದಲ್ಲಿ, ಸರ್ವೋಚ್ಚ ನ್ಯಾಯಾಲಯವು ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದೂ ಅವನ್ನು ಸಾರ್ವಜನಿಕರ ಹಿತಕ್ಕಾಗಿ ಬಳಸಬೇಕೆಂದೂ ತೀರ್ಪಿತ್ತಿತು. 2007ರ ಕಾನೂನೊಂದು ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು, ಹಕ್ಕು ಯಾರದಾಗಿದ್ದರೂ, ಪ್ರಸಾರಭಾರತಿಯೊಡನೆ ಹಂಚಿಕೊಳ್ಳಬೇಕೆಂದು ವಿಧಿಸಿತು. ಇದರಿಂದ ತಿಂಗಳ ಹಣ ಕಟ್ಟಲಾರದ ಫ್ರೀ ಡಿಶ್ಶಿನ ಮನೆಯವರೂ ಅಂಥ ಪಂದ್ಯಗಳನ್ನು ನೋಡಬಹುದಾಯಿತು. ಈ ತತ್ತ್ವಗಳೆಲ್ಲ ಹುಟ್ಟಿದುದು ಆಕಾಶವು ಎಲ್ಲರದೆಂಬ ಭಾವನೆಯ ನೆಲೆಯಲ್ಲಿ. ಫೈಬರ್ ತಂತಿಯಾದರೋ ಅದನ್ನು ಹೂತವನ ಸೊತ್ತು. ಹಾಗಿರಲು, ಜನರು ಆಕಾಶವನ್ನು ಬಿಟ್ಟು ತಂತಿಗೆ ಬಂದಂತೆಲ್ಲ, ಆ ತೀರ್ಪಿನಿಂದ ದೊರೆತ ಸಾರ್ವಜನಿಕ ಹಕ್ಕು ತಾನಾಗಿಯೇ ಅವರ ಹಿಂದೆ ಬರುವುದೆಂದು ಹೇಳುವಂತಿಲ್ಲ.

ಬೆಲೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಉಪಗ್ರಹಕ್ಕೆ ಸಾವಿರ ಮನೆಯೂ ಕೋಟಿ ಮನೆಯೂ ಒಂದೇ. ಹೊಸದಾಗಿ ಒಬ್ಬನು ನೋಡತೊಡಗಿದರೆ ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಅಂತರ್ಜಾಲದಲ್ಲಿ ಪ್ರತಿಯೊಬ್ಬನಿಗೂ ಬೇರೆ ಹರಿವು. ಸೆಕೆಂಡಿಗೆ 5 ಮೆಗಾಬಿಟ್ಟಿನಂತೆ ಬರುವ ಚಿತ್ರವನ್ನು ಒಂದು ಗಂಟೆ ನೋಡಿದರೆ ಸುಮಾರು 2.25 ಗಿಗಾಬೈಟು ವೆಚ್ಚವಾಗುತ್ತದೆ. ನೋಡುವವನು ಇದಕ್ಕಾಗಿ ಎರಡು ಕಡೆ ಹಣ ಕಟ್ಟುತ್ತಾನೆ: ದಾರಿಗೊಂದು, ನೋಟಕ್ಕೊಂದು. ಇದಲ್ಲದೆ ಅವನು ಏನನ್ನು, ಎಷ್ಟು ಹೊತ್ತು, ಎಲ್ಲಿಯವರೆಗೆ ನೋಡಿ ನಿಲ್ಲಿಸಿದನೆಂಬುದು ಕೊಡುವವರ ಲೆಕ್ಕದಲ್ಲಿ ಸೇರುತ್ತದೆ. ಭದ್ರಾವತಿಯ ಬಾನುಲಿಯು ಕೇಳುಗನನ್ನು ಅರಿಯದೆಯೇ ಅವನಿಗೆ ಹಾಡುತ್ತಿತ್ತು. ಈಗಣ ಹರಿವು ನೋಡುಗನನ್ನು ಗುರುತಿಸದೆ ಬಾಗಿಲನ್ನೇ ತೆರೆಯುವುದಿಲ್ಲ.

ಎಲ್ಲಕ್ಕಿಂತ ಗುರುತರವಾದುದು ನಗರಕ್ಕೂ ಮಲೆಗೂ ನಡುವೆ ಮತ್ತೆ ತಲೆದೋರಿರುವ ಅಂತರ. ಮೊಬೈಲಿನ ಅಲೆಯು ಹಳೆಯ ದೂರದರ್ಶನದ ಅಲೆಯಂತೆಯೇ ಗುಡ್ಡಕ್ಕೆ ಸೋಲುತ್ತದೆ. ಫೈಬರ್ ತಂತಿಯು ಹಳೆಯ ಕೇಬಲ್ಲಿನಂತೆಯೇ ಒತ್ತಾದ ಮನೆಗಳನ್ನು ಹುಡುಕುತ್ತದೆ, ಮಳೆಗಾಲದಲ್ಲಿ ಬಿದ್ದ ಮರಕ್ಕೆ ಸಿಕ್ಕಿ ಕಡಿಯುತ್ತದೆ. 2020–21ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ವಿದ್ಯಾರ್ಥಿಗಳು ಪಾಠ ಕೇಳುವುದಕ್ಕಾಗಿ ಮೊಬೈಲು ಹಿಡಿದು ಗುಡ್ಡದ ನೆತ್ತಿಯನ್ನು ಹತ್ತಬೇಕಾಯಿತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಂತಿಯನ್ನು ಒಯ್ಯುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿಯೇ ಒಪ್ಪಿಗೆ ದೊರೆತಿದ್ದರೂ, ಪಂಚಾಯಿತಿಯ ಕಟ್ಟಡದಿಂದ ತೋಟದ ಮನೆಯವರೆಗಿನ ದಾರಿಯು ದೊಡ್ಡದು. ಶಿವಮೊಗ್ಗದ ಬಡಾವಣೆಯವನಿಗೆ ಡಿಶ್ಶನ್ನು ಬಿಡುವುದು ಒಂದು ಆಯ್ಕೆ. ಹೊಸನಗರದ ಒಳಹಳ್ಳಿಯವನಿಗೆ ಅದನ್ನು ಉಳಿಸಿಕೊಳ್ಳುವುದು ಎಷ್ಟೋ ವೇಳೆ ಅನಿವಾರ್ಯ. ನಗರದವರು ಬಿಟ್ಟುಬಿಟ್ಟರೆ ಉಳಿದವರಿಗಾಗಿ ಆಕಾಶದ ಸೇವೆಯು ಎಷ್ಟು ಕಾಲ ನಡೆದೀತೆಂಬುದು ಚಿಂತನೀಯ. ಗೋಪುರದ ದೂರದರ್ಶನಕ್ಕೆ ಹೀಗೆಯೇ ಆಯಿತು; ಅದರ ಹಳೆಯ ಪ್ರಸಾರಕಗಳಲ್ಲಿ ಬಹುಭಾಗವನ್ನು 2022ರ ವೇಳೆಗೆ ಮುಚ್ಚಲಾಯಿತು.

7

ಕಡೆಯ ಪ್ರಶ್ನೆ ವಿದ್ವಾಂಸರಿಗೂ ಅಧ್ಯಾಪಕರಿಗೂ ನೇರವಾಗಿ ಸೇರಿದುದು. ಶಿವಮೊಗ್ಗ ಜಿಲ್ಲೆಯು ಶಾಸನಗಳ ಜಿಲ್ಲೆ. ಬಿ. ಎಲ್. ರೈಸರು ಇಲ್ಲಿಯ ಶಾಸನಗಳಿಗಾಗಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಎಂಟನೆಯ ಎರಡು ಸಂಪುಟಗಳನ್ನು 1902, 1904ರಲ್ಲಿ ಮೀಸಲಿಡಬೇಕಾಯಿತು. ತಾಳಗುಂದದ ಕಂಬದ ಮೇಲಣ ಕದಂಬರ ಬರೆಹವನ್ನು ಸುಮಾರು ಹದಿನೈದು ಶತಮಾನಗಳ ಬಳಿಕವೂ ಓದಬಹುದಾಗಿದೆ. ಆದರೆ 1990ರ ದಶಕದಲ್ಲಿ ಊರಿನ ಕೇಬಲ್ ವಾಹಿನಿಗಳಲ್ಲಿ ಬಂದ ಸ್ಥಳೀಯ ವಾರ್ತೆ, ಯಕ್ಷಗಾನ, ಸಭೆಗಳ ಚಿತ್ರಗಳನ್ನು ಇಂದು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ಅಚ್ಚಾದ ಪುಸ್ತಕದ ಪ್ರತಿಯನ್ನು ನಿಯಮಿತ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರ ಕಾನೂನು ಹೇಳುತ್ತದೆ. ಪ್ರಸಾರವಾದ ಮಾತಿಗೂ ಚಿತ್ರಕ್ಕೂ ಅಂತಹ ಕಟ್ಟುಪಾಡಿಲ್ಲ. ಅಂತರ್ಜಾಲದ ಹರಿವಿನಲ್ಲಿ ಎಲ್ಲವೂ ಎಂದೆಂದಿಗೂ ಸಿಕ್ಕುವಂತೆ ತೋರಿದರೂ, ಒಂದು ಒಪ್ಪಂದ ಮುಗಿದರೆ, ಒಂದು ಸಂಸ್ಥೆಯು ಇನ್ನೊಂದರಲ್ಲಿ ಲೀನವಾದರೆ, ಅಲ್ಲಿದ್ದುದು ರಾತ್ರಿ ಕಳೆಯುವುದರೊಳಗೆ ಇಲ್ಲವಾಗಬಹುದು. ಹಣ ಕೊಟ್ಟವನಿಗೆ ಸಲ್ಲುವುದು ನೋಡುವ ಅವಕಾಶ ಮಾತ್ರ, ಪ್ರತಿಯಲ್ಲ.

ಆದಕಾರಣ ಈ ಪರಿವರ್ತನೆಯನ್ನು ಹಳಿಯುವುದರಿಂದಾಗಲಿ ಹೊಗಳುವುದರಿಂದಾಗಲಿ ಹೆಚ್ಚಿನ ಪ್ರಯೋಜನವಿಲ್ಲ. ಇದರಲ್ಲಿ ಲಾಭವೂ ಇದೆ. ಭದ್ರಾವತಿಯ ಆಕಾಶವಾಣಿಯು ಈಗ ಪ್ರಸಾರಭಾರತಿಯ ಮೊಬೈಲ್ ಆ್ಯಪಿನ ಮೂಲಕವೂ ಕೇಳಿಬರುತ್ತದೆ. ಒಂದು ಕಾಲದಲ್ಲಿ ಸುತ್ತಲಿನ ಕೆಲವು ಜಿಲ್ಲೆಗಳ ಆಚೆ ಕ್ಷೀಣಿಸುತ್ತಿದ್ದ ಆ ಧ್ವನಿಯನ್ನು ಪರದೇಶಕ್ಕೆ ಹೋದ ಮಲೆನಾಡಿನವನು ಅಲ್ಲಿಂದಲೇ ಕೇಳಬಲ್ಲನು. 2024ರ ನವೆಂಬರಿನಲ್ಲಿ ಪ್ರಸಾರಭಾರತಿಯು ‘ವೇವ್ಸ್’ ಎಂಬ ತನ್ನದೇ ಸೇವೆಯನ್ನು ತೆರೆದಿರುವುದರಿಂದ, ತಂತಿಯ ದಾರಿಯಲ್ಲಿಯೂ ಸಾರ್ವಜನಿಕವಾದ ಒಂದು ನೆಲೆ ಉಳಿಯುವ ಸಂಭವವುಂಟು. ಕಾಲುಶತಮಾನ ಆಕಾಶವು ಮಲೆಗೂ ಬಯಲಿಗೂ ಕೊಟ್ಟ ಸಮಾನತೆಯನ್ನು ತಂತಿಯೂ ಕೊಡುವವರೆಗೆ, ಹಣವಿಲ್ಲದ ಉಪಗ್ರಹ ಸೇವೆಯನ್ನು ಕಾಪಾಡಿಕೊಳ್ಳುವುದು ನ್ಯಾಯ. ಊರಿನ ಕೇಬಲ್ಲಿನವರ ಅಟ್ಟದಲ್ಲಿಯೂ ಕೇಳುಗರ ಪೆಟ್ಟಿಗೆಗಳಲ್ಲಿಯೂ ಉಳಿದಿರಬಹುದಾದ ಹಳೆಯ ಟೇಪುಗಳನ್ನು ಬೂಷ್ಟು ಹಿಡಿದು ನಾಶವಾಗುವ ಮೊದಲೇ ಕಾಲೇಜುಗಳೂ ಸಾಹಿತ್ಯಸಂಘಗಳೂ ಕೂಡಿಹಾಕಿದರೆ, ಅದು ಶಾಸನಸಂಗ್ರಹಕ್ಕಿಂತ ಕಡಮೆಯಾದ ಕೆಲಸವೆನಿಸದು. ಮಲೆನಾಡಿನ ಮಳೆಗಾಲವು ಟೇಪುಗಳಿಗೆ ಹೆಚ್ಚು ಕಾಲಾವಕಾಶ ಕೊಡುವಂತಹುದಲ್ಲ.